ಸಂಚನ್ನು ಎಳೆಯರೇ ಏಕೆ ಬಯಲಿಗೆಳೆಯುತ್ತಾರೆ?

12 ವರ್ಷ ತುಂಬಿದ ಕೂಡಲೇ ಮಗುವಿನ ಹೆಸರು ಬರೆದ ಒಂದು ಚೀಟಿ ಗಾಜಿನ ಪಾತ್ರೆಗೆ ಬೀಳುತ್ತದೆ. 13ಕ್ಕೆ ಎರಡು ಚೀಟಿ, 14ಕ್ಕೆ ಮೂರು, ಹೀಗೆ ಏರುತ್ತಾ 18ಕ್ಕೆ ಏಳು. ಇಷ್ಟು ಎಲ್ಲರಿಗೂ ಅನ್ವಯಿಸುವ ನಿಯಮ. ಆದರೆ ಮನೆಯಲ್ಲಿ ಹಸಿವಿದ್ದವರಿಗೆ ಇನ್ನೊಂದು ಅವಕಾಶವಿದೆ. ಹೆಚ್ಚುವರಿ ಚೀಟಿಯೊಂದನ್ನು ಹಾಕಿಸಿದರೆ ಒಬ್ಬರಿಗೆ ಒಂದು ವರ್ಷಕ್ಕೆಂದು, ಅದೂ ಅರೆಹೊಟ್ಟೆಗೆ ಆಗುವಷ್ಟು, ಧಾನ್ಯ ಮತ್ತು ಎಣ್ಣೆ ಸಿಗುತ್ತದೆ. ಮನೆಯ ಪ್ರತಿಯೊಬ್ಬರ ಲೆಕ್ಕದಲ್ಲಿಯೂ ಹೀಗೆ ಪಡಿ ಪಡೆಯಬಹುದು. ತಂದ ಧಾನ್ಯ ವರ್ಷದೊಳಗೆ ತೀರಿಹೋಗುತ್ತದೆ, ಹಾಕಿದ ಚೀಟಿ ಮಾತ್ರ ಪಾತ್ರೆಯಲ್ಲಿಯೇ ಉಳಿದು ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ. 16 ವರ್ಷದ ಕ್ಯಾಟ್ನಿಸ್ ತನಗೆ, ತಾಯಿಗೆ, ತಂಗಿಗೆ ಎಂದು ವರ್ಷಕ್ಕೆ ಮೂರರಂತೆ ಪಡಿ ತಂದಿದ್ದಾಳೆ: ಕಡ್ಡಾಯದ ಚೀಟಿ ಐದು, ಪಡಿಯ ಚೀಟಿ ಹದಿನೈದು, ಒಟ್ಟು 20. ಐದು ಮಂದಿಯ ಸಂಸಾರಕ್ಕೆ ಆಸರೆಯಾಗಿರುವ 18ರ ಗೇಲ್‌ನ ಹೆಸರು 42 ಸಲ ಇದೆ. ಅದೇ ಊರಿನ ಮೇಯರ್ ಮಗಳದ್ದು ಐದಕ್ಕಿಂತ ಹೆಚ್ಚಿರಲಾರದು.

ಅಮೆರಿಕದ ಲೇಖಕಿ ಸೂಸನ್ ಕಾಲಿನ್ಸ್ 2008ರಲ್ಲಿ ಪ್ರಕಟಿಸಿದ 'ದಿ ಹಂಗರ್ ಗೇಮ್ಸ್' ಕಾದಂಬರಿಯ ಲೆಕ್ಕ ಇದು. ಪ್ಯಾನೆಮ್ ಎಂಬ ದೇಶದ 12 ಜಿಲ್ಲೆಗಳಿಂದ ಚೀಟಿ ಎತ್ತಿ ಆರಿಸಿದ 24 ಹುಡುಗ ಹುಡುಗಿಯರು ಒಬ್ಬರು ಉಳಿಯುವ ತನಕ ಪರಸ್ಪರ ಕೊಲ್ಲಬೇಕು, ದೇಶವೆಲ್ಲ ಅದನ್ನು ಟಿವಿಯಲ್ಲಿ ನೋಡಬೇಕು. ಎಳೆಯರೇ ನಾಯಕರಾಗಿ ಆಡಳಿತದ ಸಂಚನ್ನು ಬಯಲಿಗೆಳೆಯುವ ಇಂಥ ಥ್ರಿಲ್ಲರ್ ಕಥೆಗಳ ಒಳಮರ್ಮವನ್ನು ತಿಳಿಯಬೇಕಾದರೆ ಕೊಲೆಯ ದೃಶ್ಯಗಳನ್ನು ಬಿಟ್ಟು ಚೀಟಿಯ ಲೆಕ್ಕವನ್ನು ಹಿಡಿಯಬೇಕೆಂದು ನನ್ನ ಅಭಿಪ್ರಾಯ. ಏಕೆಂದರೆ ಇಲ್ಲಿ ಯಾರೂ ಮೋಸದಿಂದ ಚೀಟಿ ಬದಲಿಸಬೇಕಾಗಿಲ್ಲ. ಎಲ್ಲವೂ ನಿಯಮದಂತೆಯೇ ನಡೆಯುತ್ತದೆ, ಸಂಚು ನಿಯಮದೊಳಗೇ ಅಡಗಿದೆ. ಬಡವರ ಮಕ್ಕಳೇ ಹೆಚ್ಚು ಸಾಯುವಂತೆ ಏರ್ಪಾಡು ಮಾಡಿ, ಹೊಟ್ಟೆ ತುಂಬಿದವರ ಮೇಲೆ ಹಸಿದವರಿಗೆ ಸಿಟ್ಟು ಬರುವಂತೆ ಮಾಡಿ, ಆ ಸಿಟ್ಟು ರಾಜಧಾನಿಯ ಕಡೆ ತಿರುಗದಂತೆ ನೋಡಿಕೊಂಡ ಆಡಳಿತ ಅದು. ಇದನ್ನು ಕಾಡಿನಲ್ಲಿ ಗೇಲ್ ಬಾಯಿಬಿಟ್ಟು ಹೇಳುತ್ತಾನೆ. ಊರೊಳಗೆ ಹೇಳುವ ಧೈರ್ಯ ಯಾರಿಗೂ ಇಲ್ಲ.

ಇಂಥ ಕಥಾಲೋಕವನ್ನು ಡಿಸ್ಟೋಪಿಯ ಎಂದು ಕರೆಯುವುದು ರೂಢಿ. 1516ರಲ್ಲಿ ಥಾಮಸ್ ಮೋರ್ ಕಲ್ಪಿಸಿದ ಯುಟೋಪಿಯ ಎಂಬ ದ್ವೀಪದ ಹೆಸರಿನಲ್ಲಿ ಗ್ರೀಕ್ ಭಾಷೆಯ ಎರಡು ಅರ್ಥಗಳು ಬೆರೆತಿವೆ: ಒಳ್ಳೆಯ ಊರು, ಎಲ್ಲಿಯೂ ಇಲ್ಲದ ಊರು. ಅದಕ್ಕೆ ತಿರುಗುಮುರುಗಾದ ಪದವನ್ನು ಜಾನ್ ಸ್ಟುವರ್ಟ್ ಮಿಲ್ 1868ರಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಬಳಸಿದರು. ಐರ್ಲೆಂಡ್ ಕುರಿತ ಸರ್ಕಾರದ ನೀತಿಯನ್ನು ಟೀಕಿಸುತ್ತ, ಯುಟೋಪಿಯ ಎಂದರೆ ಕಾರ್ಯರೂಪಕ್ಕೆ ತರಲಾಗದಷ್ಟು ಒಳ್ಳೆಯದು, ನಿಮ್ಮದು ಕಾರ್ಯರೂಪಕ್ಕೆ ತರಲಾಗದಷ್ಟು ಕೆಟ್ಟದ್ದು ಎಂಬ ಅರ್ಥದ ಮಾತನ್ನು ಅವರು ಆಡಿದರು. ಮುಂದೆ ಇಪ್ಪತ್ತನೆಯ ಶತಮಾನ ಆ ಮಾತಿನ ಎರಡನೆಯ ಭಾಗವನ್ನು ಸುಳ್ಳು ಮಾಡಿತು. ಎಷ್ಟು ಕೆಟ್ಟದ್ದನ್ನೂ ಕಾರ್ಯರೂಪಕ್ಕೆ ತರಬಹುದೆಂದು ತೋರಿತು.

ಥ್ರಿಲ್ಲರ್ ಎಂದೊಡನೆ ನಮ್ಮ ಹಿಂದಿನ ತಲೆಮಾರಿನ ಓದುಗರಿಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ನೆನಪಾಗುವುದು ಸಹಜ. ಪತ್ತೇದಾರಿ ಕಥೆಯಲ್ಲಿ ಸಮಾಜ ಸಾಮಾನ್ಯವಾಗಿ ನೆಟ್ಟಗಿರುತ್ತದೆ, ನಡುವೆ ಒಂದು ಅಪರಾಧ ನಡೆಯುತ್ತದೆ, ಅಪರಾಧಿ ಸಿಕ್ಕಿಬಿದ್ದ ಮೇಲೆ ಊರು ಮತ್ತೆ ಮೊದಲಿನಂತಾಗುತ್ತದೆ. ಡಿಸ್ಟೋಪಿಯದ ಥ್ರಿಲ್ಲರಿನಲ್ಲಿ ಪತ್ತೆಯಾಗಬೇಕಾದದ್ದು ಊರೇ. ದೂರು ಕೊಡಲು ಹೋಗುವ ಠಾಣೆಯೇ ಅಪರಾಧದ ಜಾಗವಾದ್ದರಿಂದ ಕೊನೆಗೆ ಮರಳಿ ಹೋಗಲು ಮೊದಲಿನ ಊರು ಉಳಿಯುವುದಿಲ್ಲ.

ತಮ್ಮ ಕಾದಂಬರಿಯ ಹಿಂದೆ ಗ್ರೀಕ್ ಪುರಾಣದ ಥೀಸಿಯಸ್ ಕಥೆಯಿದೆ ಎಂದು ಕಾಲಿನ್ಸ್ ಹೇಳಿಕೊಂಡಿದ್ದಾರೆ. ಸೋತ ಅಥೆನ್ಸ್ ನಗರವು ಕ್ರೀಟಿನ ದೊರೆಗೆ ಕಪ್ಪವಾಗಿ ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಕಳಿಸಬೇಕಿತ್ತು, ಗೂಳಿಮೊಗದ ಮಿನೋಟಾರ್ ಅವರನ್ನು ತಿನ್ನುತ್ತಿತ್ತು. ಒಂದು ರಾತ್ರಿ ಟಿವಿ ಚಾನೆಲ್ ಬದಲಿಸುತ್ತ ಕುಳಿತಿದ್ದಾಗ ರಿಯಾಲಿಟಿ ಶೋ ಮತ್ತು ಇರಾಕ್ ಯುದ್ಧದ ದೃಶ್ಯಗಳು ಕಣ್ಣಲ್ಲಿ ಒಂದರೊಳಗೊಂದು ಬೆರೆತು ಕಥೆ ಹುಟ್ಟಿತು ಎಂಬುದನ್ನೂ ಅವರು ಹೇಳಿದ್ದಾರೆ. ಕನ್ನಡದ ಓದುಗರಿಗೆ ಆ ಪುರಾಣ ಅಪರಿಚಿತವಲ್ಲ. ನಮಗೆ ಏಕಚಕ್ರನಗರವಿದೆ, ಬಕಾಸುರನಿದ್ದಾನೆ, ಮನೆಗೊಬ್ಬರಂತೆ ಸರದಿಯಿದೆ. ಭೀಮನು ಬಂಡಿಯ ಅನ್ನವನ್ನೆಲ್ಲ ತಾನೇ ಉಂಡದ್ದು ಎಲ್ಲರಿಗೂ ನೆನಪಿರುತ್ತದೆ. ಆದಿಪರ್ವದ ಆ ಪ್ರಸಂಗದಲ್ಲಿಯೇ ಇರುವ ಇನ್ನೊಂದು ಸಣ್ಣ ಘಟನೆಯನ್ನು ನಾವು ಮರೆತುಬಿಡುತ್ತೇವೆ. ಸರದಿ ಬಂದ ಬ್ರಾಹ್ಮಣನ ಮನೆಯಲ್ಲಿ ನಾನು ಹೋಗುತ್ತೇನೆ, ನಾನು ಹೋಗುತ್ತೇನೆ ಎಂದು ದೊಡ್ಡವರು ಅಳುತ್ತಿರುವಾಗ, ಇನ್ನೂ ಮಾತು ಸರಿಯಾಗಿ ಬಾರದ ಮಗ ಒಂದು ಹುಲ್ಲುಕಡ್ಡಿ ಹಿಡಿದು ಇದರಿಂದಲೇ ಆ ರಕ್ಕಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ದೊಡ್ಡವರು ಯಾರು ಸಾಯಬೇಕು ಎಂಬುದನ್ನು ಮಾತ್ರ ಚರ್ಚಿಸುತ್ತಿದ್ದಾರೆ. ಸರದಿಯೇ ಏಕಿರಬೇಕು ಎಂಬ ಪ್ರಶ್ನೆ ಹೊಳೆದದ್ದು ಆ ಮಗುವಿಗೆ ಮಾತ್ರ.

ಈ ಪ್ರಕಾರದಲ್ಲಿ ನಾಯಕರು ಎಳೆಯರೇ ಆಗಿರುವುದಕ್ಕೆ ನನಗೆ ತೋರುವ ಕಾರಣ ಅದೇ. ಎಳೆಯ ಓದುಗರಿಗೆ ಮಾರಲು ಎಳೆಯ ನಾಯಕರು ಬೇಕು ಎಂಬ ಪ್ರಕಾಶಕರ ಲೆಕ್ಕಾಚಾರವೂ ಇದೆ, ಅದು ಸುಳ್ಳಲ್ಲ. ಆದರೆ ವ್ಯಾಪಾರವನ್ನು ಮೀರಿದ ಒಂದು ಅಗತ್ಯ ಕಥೆಯ ರಚನೆಯಲ್ಲಿಯೇ ಇದೆ. ದುಷ್ಟ ವ್ಯವಸ್ಥೆಯೊಂದು ನಿಂತಿರುವುದು ಅದರೊಳಗಿನ ಬಹುಪಾಲು ದೊಡ್ಡವರು ಅದಕ್ಕೆ ಹೊಂದಿಕೊಂಡಿರುವುದರಿಂದ. ಅವರಿಗೆ ಸಂಚು ಗೊತ್ತಿಲ್ಲವೆಂದಲ್ಲ, ಗೊತ್ತಿದ್ದೂ ಬದುಕು ಸಾಗಿಸುವುದನ್ನು ಕಲಿತಿದ್ದಾರೆ. ಇನ್ನೂ ಒಪ್ಪಿಗೆ ಕೊಡದವರೆಂದರೆ ಒಪ್ಪಿಗೆಯ ವಯಸ್ಸಿಗೆ ಬಾರದವರು ಮಾತ್ರ.

ಬ್ರಿಟಿಷ್ ಲೇಖಕ ಜಾನ್ ಕ್ರಿಸ್ಟೋಫರ್ 1967ರಲ್ಲಿ ಬರೆದ 'ದಿ ವೈಟ್ ಮೌಂಟನ್ಸ್' ಈ ಮಾತನ್ನು ಅಕ್ಷರಶಃ ಕಥೆಯಾಗಿಸುತ್ತದೆ. ಮೂರು ಕಾಲಿನ ಬೃಹತ್ ಯಂತ್ರಗಳು ಭೂಮಿಯನ್ನು ಆಳುತ್ತಿವೆ. 14ನೆಯ ವಯಸ್ಸಿಗೆ ಪ್ರತಿಯೊಬ್ಬರ ತಲೆಗೂ ಲೋಹದ ಜಾಲರಿಯ ಟೋಪಿಯನ್ನು ಕೂರಿಸಲಾಗುತ್ತದೆ, ಆಮೇಲೆ ಅದು ಕಳಚುವುದಿಲ್ಲ. ಊರಿನವರು ಅದನ್ನು ಹಬ್ಬದಂತೆ ಆಚರಿಸುತ್ತಾರೆ, ಊಟವಿರುತ್ತದೆ, ಹುಡುಗ ದೊಡ್ಡವನಾದನೆಂದು ಎಲ್ಲರೂ ಸಂಭ್ರಮಿಸುತ್ತಾರೆ. ಹದಿಮೂರರ ವಿಲ್‌ಗೆ ತನಗಿಂತ ತುಸು ಹಿರಿಯನಾದ ಜ್ಯಾಕ್ ಎಂಬ ಸೋದರ ಸಂಬಂಧಿಯಿದ್ದಾನೆ. ಇಬ್ಬರೂ ತಮ್ಮದೇ ಗುಪ್ತ ಜಾಗದಲ್ಲಿ ಕುಳಿತು ಟೋಪಿಯ ಬಗ್ಗೆ ಅನುಮಾನದ ಮಾತಾಡಿಕೊಂಡವರು. ಟೋಪಿ ಹಾಕಿಸಿಕೊಂಡು ಬಂದ ಜ್ಯಾಕ್ ಕೆಟ್ಟವನಾಗಿರುವುದಿಲ್ಲ. ಶಾಂತವಾಗಿ, ತೃಪ್ತನಾಗಿ, ಆ ಹಳೆಯ ಮಾತುಗಳನ್ನೆಲ್ಲ ಹುಡುಗಾಟವೆಂದು ಬದಿಗೆ ಸರಿಸುತ್ತಾನೆ. ವಿಲ್‌ನ ಎದೆ ಝಲ್ಲೆನ್ನುವುದು ಅಲ್ಲಿ. ಬೆನ್ನಟ್ಟುವ ಯಂತ್ರಗಳು ಆಮೇಲೆ ಬರುತ್ತವೆ, ಅವುಗಳಿಗಿಂತ ಭೀಕರವಾದದ್ದು ಗೆಳೆಯನ ಮುಖದ ಆ ನೆಮ್ಮದಿ.

ಹೀಗೆ ಎರಡು ಕಥೆಗಳು ಒಂದೇ ಆಗುತ್ತವೆ. ಹುಡುಗನೊಬ್ಬ ದೊಡ್ಡವನಾಗುವುದೆಂದರೆ ದೊಡ್ಡವರು ತನಗೆ ಹೇಳದೆ ಬಿಟ್ಟದ್ದನ್ನು ಒಂದೊಂದಾಗಿ ತಿಳಿಯುವುದು. ಸಂಚಿನ ಕಥೆಯೆಂದರೂ ಅದೇ. ಮನೆಯ ಸಾಲ, ಅಪ್ಪನ ಕಾಯಿಲೆ, ಹಿರಿಯರ ಜಗಳದ ಮೂಲ ಇವುಗಳನ್ನು ತಡವಾಗಿ ತಿಳಿದುಕೊಂಡ ಯಾವ ಮಗುವಿಗಾದರೂ ಈ ಪ್ರಕಾರದ ಒಳತುಡಿತ ತಾನಾಗಿ ಅರ್ಥವಾಗುತ್ತದೆ.

ಲೋಯಿಸ್ ಲೌರಿ ಅವರ 'ದಿ ಗಿವರ್' 1993ರದು, ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕ ಪಡೆಯಿತು. ಅಲ್ಲಿನ ಊರಿನಲ್ಲಿ ಹಸಿವಿಲ್ಲ, ಯುದ್ಧವಿಲ್ಲ, ಬಣ್ಣಗಳೂ ಇಲ್ಲ. 12ನೆಯ ವಯಸ್ಸಿಗೆ ಪ್ರತಿ ಮಗುವಿಗೂ ಹಿರಿಯರ ಸಮಿತಿ ಕೆಲಸವೊಂದನ್ನು ಗೊತ್ತುಮಾಡುತ್ತದೆ. ಮುದುಕರಿಗೂ ಸರಿಯಾಗಿ ಬೆಳೆಯದ ಶಿಶುಗಳಿಗೂ ಕಾಲ ಬಂದಾಗ 'ಬಿಡುಗಡೆ' ಕೊಡಲಾಗುತ್ತದೆ. ಜೋನಸ್ ಎಂಬ ಹುಡುಗನ ತಂದೆ ಶಿಶುಗಳನ್ನು ನೋಡಿಕೊಳ್ಳುವವನು, ಮೃದು ಸ್ವಭಾವದವನು. ಒಂದು ದಿನ ಜೋನಸ್ ತಂದೆಯ ಕೆಲಸದ ದೃಶ್ಯದ ದಾಖಲೆಯನ್ನು ನೋಡುತ್ತಾನೆ. ಅವಳಿ ಮಕ್ಕಳಲ್ಲಿ ತೂಕ ಕಡಿಮೆಯಿದ್ದ ಕೂಸನ್ನು ತಂದೆ ಮುದ್ದಿನ ಮಾತಾಡಿಸುತ್ತ, ಹಣೆಯ ನರಕ್ಕೆ ಸೂಜಿ ಚುಚ್ಚುತ್ತಾನೆ. ಕೂಸು ಕೈಕಾಲು ಆಡಿಸಿ ಸುಮ್ಮನಾಗುತ್ತದೆ. ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕಸ ಹಾಕುವಂಥ ಗೋಡೆಯ ಕಿಂಡಿಯೊಳಕ್ಕೆ ತಳ್ಳಿ, ಅದೇ ಮುದ್ದಿನ ದನಿಯಲ್ಲಿ ವಿದಾಯ ಹೇಳುತ್ತಾನೆ. ಇಲ್ಲಿ ಖಳನಾಯಕ ಯಾರು? ಗುಪ್ತ ಕೋಣೆ ಎಲ್ಲಿದೆ? ಸಂಚೆಲ್ಲ ಒಂದು ಪದದೊಳಗೆ ಅಡಗಿದೆ. ಬಂಧನದಿಂದ ಹೊರಬರುವುದಕ್ಕೂ ಸಂಸಾರದಿಂದ ಮುಕ್ತರಾಗುವುದಕ್ಕೂ ಬಿಡುಗಡೆ ಎಂದೇ ಹೇಳುವ ಕನ್ನಡಿಗರಿಗೆ ಆ ಪದ ಇನ್ನಷ್ಟು ಚುಚ್ಚುತ್ತದೆ. ಕಾಲಿನ್ಸ್ ಅವರ ಪ್ಯಾನೆಮ್‌ನಲ್ಲಿ ಚೀಟಿ ಎತ್ತುವ ದಿನಕ್ಕೆ ಕೊಯ್ಲು ಎಂದು ಹೆಸರಿರುವುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಸುಗ್ಗಿಯ ಪದವನ್ನು ಮಕ್ಕಳ ಸಾವಿಗೆ ಅಂಟಿಸಿದ್ದಾರೆ.

ಎಲ್ಲ ಕೃತಿಗಳೂ ಈ ಎತ್ತರದವಲ್ಲ. ಜೇಮ್ಸ್ ಡ್ಯಾಶ್ನರ್ ಅವರ 'ದಿ ಮೇಜ್ ರನ್ನರ್' (2009) ಆರಂಭವಾಗುವುದು ಕತ್ತಲ ಲಿಫ್ಟಿನಲ್ಲಿ. ತನ್ನ ಹೆಸರಿನ ಹೊರತು ಏನೂ ನೆನಪಿಲ್ಲದ ಹುಡುಗ, ಸುತ್ತ ಎತ್ತರದ ಗೋಡೆಗಳ ಚಕ್ರವ್ಯೂಹ, ರಾತ್ರಿಯಾದೊಡನೆ ಮುಚ್ಚುವ ಬಾಗಿಲುಗಳು. ಸ್ಮೃತಿ ಅಳಿಸುವ ಈ ತಂತ್ರ ಬಲು ಉಪಯುಕ್ತವಾದದ್ದು. ನಾಯಕನಿಗೆ ತಿಳಿದಷ್ಟೇ ಓದುಗನಿಗೂ ತಿಳಿದಿರುವುದರಿಂದ ಪುಟ ತಿರುವದೆ ಇರಲಾಗುವುದಿಲ್ಲ. ಆದರೆ ಒಂದು ಸಂಚಿನ ಹಿಂದೆ ಇನ್ನೊಂದು, ಪಾರಾದೆವು ಎಂದುಕೊಂಡದ್ದೂ ಪರೀಕ್ಷೆಯ ಭಾಗ ಎಂದು ಈರುಳ್ಳಿ ಸುಲಿದಂತೆ ಪದರ ಬಿಚ್ಚುತ್ತ ಹೋದರೆ, ಯಾವ ಪದರವನ್ನೂ ನಂಬುವ ಆಸಕ್ತಿ ಓದುಗನಿಗೆ ಉಳಿಯುವುದಿಲ್ಲ. ಆ ಸರಣಿಯ ಮುಂದಿನ ಭಾಗಗಳಲ್ಲಿ ನನಗಾದದ್ದು ಅದೇ.

ಇದು ಕೇವಲ ಕಥನಕಲೆಯ ದೋಷವಲ್ಲ ಎಂಬುದನ್ನು ಇಲ್ಲಿ ಗಂಭೀರವಾಗಿ ಯೋಚಿಸಬೇಕು. ಅಮೆರಿಕದ ರಾಜಕೀಯ ವಿಜ್ಞಾನಿ ಮೈಕೆಲ್ ಬಾರ್ಕುನ್ 2003ರ ತಮ್ಮ ಅಧ್ಯಯನದಲ್ಲಿ ಸಂಚಿನ ಸಿದ್ಧಾಂತಗಳನ್ನು ನಂಬುವವರ ಮನೋಧರ್ಮಕ್ಕೆ ಮೂರು ಸೂತ್ರಗಳನ್ನು ಗುರುತಿಸಿದ್ದಾರೆ: ಯಾವುದೂ ಆಕಸ್ಮಿಕವಲ್ಲ, ಯಾವುದೂ ತೋರುವಂತಿಲ್ಲ, ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ. ಈ ಮೂರೂ ಥ್ರಿಲ್ಲರ್ ಬರೆಯುವವರ ಸೂತ್ರಗಳೇ. ಕಾದಂಬರಿಯಲ್ಲಿ ಅವು ನಿಜವೂ ಹೌದು, ಏಕೆಂದರೆ ಅಲ್ಲಿ ಎಲ್ಲವನ್ನೂ ಹೆಣೆದವರೊಬ್ಬರಿದ್ದಾರೆ. ಮೊದಲ ಪುಟದಲ್ಲಿ ಕಂಡ ಬೀಗಕ್ಕೆ ಮುನ್ನೂರನೆಯ ಪುಟದಲ್ಲಿ ಕೀಲಿ ಸಿಗಲೇಬೇಕು. ಲೋಕಕ್ಕೆ ಅಂಥ ಲೇಖಕರಿಲ್ಲ. ಲಸಿಕೆಯ ಬಗ್ಗೆ, ಚುನಾವಣೆಯ ಬಗ್ಗೆ, ಯಾವುದೋ ಸಮುದಾಯದ ಬಗ್ಗೆ ವಾಟ್ಸಾಪಿನಲ್ಲಿ ಹರಿದು ಬರುವ ಸಂದೇಶಗಳು ಲೋಕವನ್ನು ಕಾದಂಬರಿಯಂತೆ ಓದಲು ಹೇಳಿಕೊಡುತ್ತವೆ. ಹಾಗಾದರೆ ಈ ಪುಸ್ತಕಗಳು ನಮ್ಮ ಮಕ್ಕಳಿಗೂ ಅದನ್ನೇ ಕಲಿಸುತ್ತವೆಯೇ ಎಂದು ಪೋಷಕರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು.

ಉತ್ತರಕ್ಕೆ ನಿಜವಾಗಿ ನಡೆದ ಸಂಚೊಂದನ್ನು ನೋಡಬೇಕು. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯು 1932ರಲ್ಲಿ ಅಲಬಾಮಾ ರಾಜ್ಯದ ಟಸ್ಕಿಗೀಯಲ್ಲಿ ಸುಮಾರು 600 ಮಂದಿ ಬಡ ಕಪ್ಪು ಜನರನ್ನು ಸೇರಿಸಿಕೊಂಡಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗವಿತ್ತು. ಅವರಿಗೆ ಹೇಳಿದ್ದು ನಿಮ್ಮ ರಕ್ತ ಕೆಟ್ಟಿದೆ, ಉಚಿತವಾಗಿ ಚಿಕಿತ್ಸೆ ಕೊಡುತ್ತೇವೆ ಎಂದು. ಮಾಡಿದ್ದು ಚಿಕಿತ್ಸೆ ಕೊಡದೆ ರೋಗ ಹೇಗೆ ಮುಂದುವರಿಯುತ್ತದೆ ಎಂಬುದರ ವೀಕ್ಷಣೆ. ಬೆನ್ನುಹುರಿಯ ದ್ರವ ತೆಗೆಯುವ ನೋವಿನ ಪರೀಕ್ಷೆಗೆ ಕರೆದ ಪತ್ರದಲ್ಲಿ ಅದನ್ನು ವಿಶೇಷ ಉಚಿತ ಚಿಕಿತ್ಸೆಯ ಕೊನೆಯ ಅವಕಾಶವೆಂದು ಬರೆಯಲಾಗಿತ್ತು. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೂ ಅವರಿಗೆ ಅದು ತಲುಪದಂತೆ ನೋಡಿಕೊಳ್ಳಲಾಯಿತು. ಹೀಗೆ 40 ವರ್ಷ ನಡೆಯಿತು. ಇದರಲ್ಲಿ ನನ್ನನ್ನು ಬಹುವಾಗಿ ಕಲಕುವ ಸಂಗತಿ ಬೇರೆಯೇ ಇದೆ: ಇದು ಗುಟ್ಟಾಗಿರಲಿಲ್ಲ. 1936ರಿಂದಲೇ ಇದರ ಫಲಿತಾಂಶಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಓದಬಲ್ಲವರೆಲ್ಲ ಓದಬಹುದಿತ್ತು. ಅದೇ ಆರೋಗ್ಯ ಸೇವೆಯ ನೌಕರ ಪೀಟರ್ ಬಕ್ಸ್‌ಟನ್ 1966ರಲ್ಲಿ ಲಿಖಿತ ಆಕ್ಷೇಪ ಸಲ್ಲಿಸಿದರು, ಮೇಲಿನವರು ಅದನ್ನು ತಳ್ಳಿಹಾಕಿದರು. ಕೊನೆಗೆ ಅವರು ಪತ್ರಕರ್ತರ ಬಳಿ ಹೋದ ಮೇಲೆ, 1972ರ ಜುಲೈನಲ್ಲಿ ಅಸೋಸಿಯೇಟೆಡ್ ಪ್ರೆಸ್ ವರದಿ ಪ್ರಕಟವಾಗಿ ಪ್ರಯೋಗ ನಿಂತಿತು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದರು.

ನಿಜವಾದ ಸಂಚಿನ ಸ್ವರೂಪ ಹೀಗಿರುತ್ತದೆ. ಅದಕ್ಕೆ ಕಚೇರಿಯಿದೆ, ವಾರ್ಷಿಕ ವರದಿಯಿದೆ, ಸಂಬಳದ ಪಟ್ಟಿಯಿದೆ. ಮನಸ್ಸನ್ನು ಹತೋಟಿಗೆ ತರುವ ಔಷಧಗಳಿಗಾಗಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 1953ರಲ್ಲಿ ಆರಂಭಿಸಿದ ಎಂಕೆ ಅಲ್ಟ್ರಾ ಯೋಜನೆಯ ಕಡತಗಳನ್ನು 1973ರಲ್ಲಿ ಸಂಸ್ಥೆಯ ಮುಖ್ಯಸ್ಥರ ಆದೇಶದಂತೆ ನಾಶಮಾಡಲಾಯಿತು. ಆದರೆ ಬೇರೊಂದು ಕಡೆ ಇಟ್ಟಿದ್ದ ಹಣಕಾಸಿನ ಲೆಕ್ಕಪತ್ರಗಳು ಉಳಿದುಬಿಟ್ಟವು. 1977ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದರಿಂದಾಗಿ ಸುಮಾರು 20,000 ದಾಖಲೆಗಳು ಹೊರಬಂದವು. 2016ರಲ್ಲಿ ಶುರುವಾದ 'ಸ್ಟ್ರೇಂಜರ್ ಥಿಂಗ್ಸ್' ಟಿವಿ ಸರಣಿ ಇದೇ ಯೋಜನೆಯನ್ನು ಹೆಸರಿಸಿ, ಕೈಮೇಲೆ 011 ಎಂಬ ಅಂಕಿ ಹಚ್ಚೆಯಾಗಿರುವ ಹುಡುಗಿಯ ಕಥೆ ಕಟ್ಟಿತು. ಅವಳ ಮನೋಶಕ್ತಿ ಕಲ್ಪನೆ. ಹೆಸರಿದ್ದ ಮಗುವನ್ನು ಅಂಕಿಯಾಗಿಸುವ ಕಡತದ ಬುದ್ಧಿ ಕಲ್ಪನೆಯಲ್ಲ.

ಆದ್ದರಿಂದ ಈ ಪ್ರಕಾರದ ಕೃತಿಯೊಂದನ್ನು ಅಳೆಯಲು ನಾನು ಕೇಳಿಕೊಳ್ಳುವ ಪ್ರಶ್ನೆ ಸರಳವಾದದ್ದು. ಸಂಚು ಹೇಗೆ ನಡೆಯುತ್ತದೆ ಎಂಬುದನ್ನು ಕಥೆ ತೋರಿಸುತ್ತದೆಯೇ, ಅಥವಾ ಕಾಣದ ಕೈಯೊಂದಿದೆ ಎಂದು ಹೆದರಿಸಿ ಬಿಟ್ಟುಬಿಡುತ್ತದೆಯೇ? ಮೊದಲನೆಯದು ಲೆಕ್ಕ ಕೇಳುವುದನ್ನು ಕಲಿಸುತ್ತದೆ, ಎರಡನೆಯದು ಎಲ್ಲರನ್ನೂ ಸಂಶಯಿಸುವುದನ್ನು. ಕೋರಿ ಡಾಕ್ಟರೋ ಅವರ 'ಲಿಟಲ್ ಬ್ರದರ್' (2008) ಮೊದಲನೆಯ ಬಗೆಯದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭಯೋತ್ಪಾದಕರ ದಾಳಿಯಾದ ಮೇಲೆ ಭದ್ರತಾ ಇಲಾಖೆಯ ವಶವಾಗಿ ಅವಮಾನಪಟ್ಟು ಹೊರಬಂದ 17ರ ಮಾರ್ಕಸ್, ಊರೆಲ್ಲ ಹಬ್ಬಿದ ಕಣ್ಗಾವಲನ್ನು ಎದುರಿಸುತ್ತಾನೆ. ಅವನ ಆಯುಧ ಗಣಿತ. ಶೇಕಡಾ 99ರಷ್ಟು ನಿಖರವಾದ ಪರೀಕ್ಷೆಯೊಂದಿದೆ ಎಂದುಕೊಳ್ಳೋಣ. 10 ಲಕ್ಷ ಜನರಲ್ಲಿ ಒಬ್ಬನು ಮಾತ್ರ ನಾವು ಹುಡುಕುತ್ತಿರುವವನು. ಪರೀಕ್ಷೆ ನೂರಕ್ಕೆ ಒಂದರಂತೆ ತಪ್ಪುವುದರಿಂದ ಸುಮಾರು 10,000 ನಿರಪರಾಧಿಗಳು ಅನುಮಾನದ ಪಟ್ಟಿಗೆ ಸೇರುತ್ತಾರೆ. ಆ ಒಬ್ಬನು ಅವರ ನಡುವೆ ಎಲ್ಲೋ ಕುಳಿತಿರುತ್ತಾನೆ. ಊರನ್ನೆಲ್ಲ ಜಾಲಾಡುವುದರಿಂದ ಭದ್ರತೆ ಹೆಚ್ಚದೆ ಹಿಂಸೆ ಮಾತ್ರ ಏಕೆ ಹೆಚ್ಚುತ್ತದೆ ಎಂಬುದನ್ನು ಹೈಸ್ಕೂಲಿನ ಹುಡುಗನೂ ಕಾಗದದ ಮೇಲೆ ಮಾಡಿ ನೋಡಬಹುದಾದ ಲೆಕ್ಕದಿಂದ ಈ ಕಾದಂಬರಿ ತಿಳಿಸುತ್ತದೆ. ಲೇಖಕರು ಇದನ್ನು ಅಂತರ್ಜಾಲದಲ್ಲಿ ಉಚಿತವಾಗಿಯೂ ಕೊಟ್ಟರು.

ಇನ್ನೊಂದು ಕಷ್ಟದ ಪ್ರಶ್ನೆಯಿದೆ. ಸಂಚು ಬಯಲಾದ ಮೇಲೆ ಏನು? ಕಾಲಿನ್ಸ್ ಅವರ ಹಂಗರ್ ಗೇಮ್ಸ್ ಸರಣಿಯ ಮೂರನೆಯ ಕಾದಂಬರಿ (2010) ಅದಕ್ಕೆ ಕೊಡುವ ಉತ್ತರದಿಂದಾಗಿಯೇ ಆ ಸರಣಿ ನನ್ನ ದೃಷ್ಟಿಯಲ್ಲಿ ಉಳಿದವುಗಳಿಗಿಂತ ಮೇಲೆ ನಿಲ್ಲುತ್ತದೆ. ರಾಜಧಾನಿ ಬಿದ್ದ ಮೇಲೆ ಬಂಡಾಯದ ನಾಯಕಿ ಕಾಯ್ನ್, ಗೆದ್ದು ಬದುಕಿರುವ ಆಟಗಾರರನ್ನು ಕೂರಿಸಿಕೊಂಡು ಒಂದು ಪ್ರಸ್ತಾಪ ಇಡುತ್ತಾಳೆ: ರಾಜಧಾನಿಯ ಮಕ್ಕಳನ್ನೇ ಇಟ್ಟು ಕೊನೆಯ ಬಾರಿ ಅದೇ ಆಟ ಆಡಿಸೋಣ. ಮತಕ್ಕೆ ಹಾಕುತ್ತಾರೆ, ಪ್ರಸ್ತಾಪ ಗೆಲ್ಲುತ್ತದೆ. ಹಳೆಯ ಅಧ್ಯಕ್ಷನನ್ನು ಬಹಿರಂಗವಾಗಿ ಕೊಲ್ಲಲು ಬಿಲ್ಲು ಹಿಡಿದು ನಿಂತ ಕ್ಯಾಟ್ನಿಸ್, ಬಾಣವನ್ನು ಕಾಯ್ನ್ ಕಡೆಗೆ ಬಿಡುತ್ತಾಳೆ. ಸರದಿ ಬದಲಾಯಿಸುವುದು ಬೇರೆ, ಸರದಿಯನ್ನೇ ನಿಲ್ಲಿಸುವುದು ಬೇರೆ ಎಂಬುದು ಆ ಹುಡುಗಿಗೆ ತಿಳಿದಿತ್ತು.

ಈ ಕಥೆಗಳು ಪುಸ್ತಕದಲ್ಲಿಯೇ ನಿಲ್ಲಲಿಲ್ಲ. ಎಡಗೈಯ ನಡುವಿನ ಮೂರು ಬೆರಳುಗಳನ್ನು ತುಟಿಗೆ ಮುಟ್ಟಿಸಿ ಮುಂದಕ್ಕೆ ಚಾಚುವುದು ಕ್ಯಾಟ್ನಿಸ್‌ಳ ಜಿಲ್ಲೆಯಲ್ಲಿ ಸಾವಿನ ಮನೆಗಳಲ್ಲಿ ಮಾತ್ರ ಉಳಿದಿದ್ದ ಹಳೆಯ ಸಂಜ್ಞೆ. ಕೃತಜ್ಞತೆ, ಗೌರವ, ಪ್ರೀತಿಪಾತ್ರರಿಗೆ ವಿದಾಯ ಎಂದು ಅದರ ಅರ್ಥ. 2014ರ ಮೇ ತಿಂಗಳಿನಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ವಶಪಡಿಸಿಕೊಂಡು ಜನ ಸೇರುವುದನ್ನು ನಿಷೇಧಿಸಿದಾಗ ವಿದ್ಯಾರ್ಥಿಗಳು ಬೀದಿಯಲ್ಲಿ ಮೂರು ಬೆರಳೆತ್ತಿದರು. ಆ ವರ್ಷದ ನವೆಂಬರಿನಲ್ಲಿ ಖೋನ್ ಕೇನ್ ನಗರದಲ್ಲಿ ಪ್ರಧಾನಿಯ ಎದುರೇ ಹಾಗೆ ಬೆರಳೆತ್ತಿದ ಐವರು ವಿದ್ಯಾರ್ಥಿಗಳನ್ನು ವಶಕ್ಕೆ ಪಡೆಯಲಾಯಿತು. ಅದೇ ದಿನಗಳಲ್ಲಿ ಬಿಡುಗಡೆಯಾದ ಸರಣಿಯ ಹೊಸ ಚಿತ್ರದ ಪ್ರದರ್ಶನಗಳನ್ನು ಬ್ಯಾಂಕಾಕಿನ ಕೆಲವು ಚಿತ್ರಮಂದಿರಗಳು ರದ್ದುಮಾಡಿದವು.

2021ರ ಫೆಬ್ರವರಿ 1ರಂದು ಮ್ಯಾನ್ಮಾರಿನಲ್ಲಿ ಸೇನೆ ಆಡಳಿತ ಕಿತ್ತುಕೊಂಡಾಗ ಅಲ್ಲಿಯೂ ಇದೇ ಸಂಜ್ಞೆ ಕಾಣಿಸಿತು. ಆಸ್ಪತ್ರೆಗಳ ವೈದ್ಯರೂ ದಾದಿಯರೂ ಬೆರಳೆತ್ತಿದರು. ಫೆಬ್ರವರಿ 26ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮ್ಯಾನ್ಮಾರಿನ ರಾಯಭಾರಿ ಚ್ಯೊ ಮೋ ತುನ್ ತಮ್ಮ ದೇಶದ ಸೇನೆಯ ವಿರುದ್ಧವೇ ಮಾತನಾಡಿ, ಕೊನೆಯಲ್ಲಿ ಮೂರು ಬೆರಳೆತ್ತಿ ನಿಂತರು. ಸೂಟು ಧರಿಸಿದ, ದಶಕಗಳ ಕಾಲ ಸರ್ಕಾರದ ಸೇವೆಯಲ್ಲಿದ್ದ ಹಿರಿಯ ಅಧಿಕಾರಿ ಅವರು. ಮರುದಿನವೇ ಅವರನ್ನು ಹುದ್ದೆಯಿಂದ ತೆಗೆದುಹಾಕಿರುವುದಾಗಿ ಸೇನೆಯ ಹಿಡಿತದಲ್ಲಿದ್ದ ಟಿವಿ ಪ್ರಕಟಿಸಿತು.